ತಿರುಗಿ ಕೊಟ್ಟ ಕೂಸು

ಮುಶಿಗೇರಿಯ ನಮ್ಮ ಓಣಿಯಲ್ಲಿ ಶಾಲೆಯ ಮೊದಲ ಗಂಟೆಗೆ ಇನ್ನೂ ಅರ್ಧ ತಾಸು ಇರುವಾಗಲೇ ಸಿದ್ದಲಿಂಗವ್ವ ತನ್ನ ಮನೆಯ ಮುಂದಿನ ಕಟ್ಟೆಗೆ ಬಂದು ಕೂಡುತ್ತಿದ್ದಳು. ಪಕ್ಕದಲ್ಲಿ ಸಣ್ಣ ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆ, ಕಟ್ಟಿಗೆಯ ಹಣಿಗೆ, ಹಳೆಯ ಸೀರೆಯ ಅಂಚು ಹರಿದು ಮಾಡಿದ ಲಾಡಿಗಳು. ಕಳೆ ತೆಗೆಯಲೆಂದೋ ಹತ್ತಿ ಬಿಡಿಸಲೆಂದೋ ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋದ ತಾಯಂದಿರ ಹೆಣ್ಣುಮಕ್ಕಳು ಕೆದರಿದ ತಲೆಯಲ್ಲೇ ಪಾಟಿ ಹಿಡಿದು ಬರುತ್ತಿದ್ದರು. ಒಬ್ಬಳ ತಲೆ ಮುಗಿದರೆ ಇನ್ನೊಬ್ಬಳು ಜರುಗಿ ಮುಂದೆ ಬರುತ್ತಿದ್ದಳು.

"ಆಯೀ, ಜಗ್ಗಬ್ಯಾಡ! ನೋಯ್ತೈತಿ."

"ಸುಮ್ಮಕ ಕುಂದ್ರು. ನಿನ್ನ ತಲ್ಯಾಗ ಹೇನು ಮದಿವಿ ಮಾಡಾಕತ್ತಾವ, ಬೀಗರನ್ನ ಎಬ್ಬಿಸಿ ಕಳಸಬೇಕೋ ಬ್ಯಾಡೋ?"

ಹುಡುಗಿಯರು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಎರಡೂ ಹೆರಳು ಸಮವಾಗಿವೆಯೇ ಎಂದು ತಲೆಯನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ನೋಡಿ, "ಹೂಂ, ನಡಿ" ಎಂದು ಬೆನ್ನಿಗೆ ಮೆಲ್ಲಗೆ ತಟ್ಟುತ್ತಿದ್ದಳು. ಮಳೆ ಬಂದ ದಿನ ಪಡಸಾಲೆಯಲ್ಲಿ ಕೂಡುತ್ತಿದ್ದಳು. ಜ್ವರ ಬಂದ ದಿನ ಕೌದಿ ಹೊದ್ದು ಕೂಡುತ್ತಿದ್ದಳು. ಗಂಡ ತೀರಿಕೊಂಡ ಮೂರನೆಯ ದಿನ ಕಟ್ಟೆಗೆ ಬಂದು ಕೂತದ್ದನ್ನು ಕಂಡು ಓಣಿಯ ಹಿರಿಯಳೊಬ್ಬಳು "ಇವತ್ತಾದರೂ ಒಳಗ ಕುಂದರಬಾರದೇನವಾ?" ಎಂದಾಗ, "ನನ್ನ ಮನ್ಯಾಗ ಸತ್ತರ ಈ ಹುಡುಗೂರು ಯಾಕ ಕೆದರಿದ ತಲ್ಯಾಗ ಹೋಗಬೇಕ್ರಿ?" ಎಂದು ಎಣ್ಣೆಯಲ್ಲಿ ಬೆರಳು ಅದ್ದಿದಳು.

ಆಕೆಗೆ ಮಕ್ಕಳಿರಲಿಲ್ಲ. ಹಾಗೆಂದು ಊರು ಹೇಳುತ್ತಿತ್ತು. ಅದು ಪೂರ್ತಿ ನಿಜವಲ್ಲ ಎಂದು, ಆಮೇಲೆ ಆ ಓಣಿಗೆ ಸೊಸೆಯಾಗಿ ಬಂದ ನನಗೆ ತಿಳಿದದ್ದು ನಿಧಾನವಾಗಿ, ಶೇಂಗಾ ಸುಲಿಯುವಾಗ, ಶಾವಿಗೆ ಒಣಹಾಕುವಾಗ, ಮಧ್ಯಾಹ್ನದ ಹೊತ್ತು ಇಬ್ಬರೇ ಕೂತಾಗ. ನಾನು ಕೆದಕಿ ಕೇಳಲಿಲ್ಲ. ಆಕೆ ಹೇಳಿದಷ್ಟನ್ನು ಕೇಳಿಸಿಕೊಂಡೆ. ನಾಲ್ಕು ಮಾತು ಹೇಳಿ ಎದ್ದುಹೋಗುತ್ತಿದ್ದಳು. ತಿಂಗಳು ಬಿಟ್ಟು ಮತ್ತೆ ಅಲ್ಲಿಂದಲೇ ಶುರುಮಾಡುತ್ತಿದ್ದಳು.

ಸಿದ್ದಲಿಂಗವ್ವನ ತವರು ಪುರ್ತಗೇರಿ. ಹದಿನಾಲ್ಕಕ್ಕೆ ಮದುವೆಯಾಗಿ ಮುಶಿಗೇರಿಗೆ ಬಂದಳು. ಗಂಡ ಅಂದಾನೆಪ್ಪನದು ಊರೊಳಗೆ ಒಂದು ಕಿರಾಣಿ ಅಂಗಡಿ. ಗಜೇಂದ್ರಗಡದ ಸಂತೆಯಿಂದ ಬೆಲ್ಲ, ಉಪ್ಪು, ಒಣಮೆಣಸಿನಕಾಯಿ ತಂದು ಮಾರುತ್ತಿದ್ದ. ಸಿಟ್ಟು ಗೊತ್ತಿಲ್ಲದ ಮನುಷ್ಯ. ಹನ್ನೆರಡು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಆಕೆಯ ತಂಗಿ ಹೊನ್ನವ್ವನನ್ನು ನರಗುಂದದಾಚೆ, ಮಲಪ್ರಭೆಯ ದಂಡೆಯ ಕೊಣ್ಣೂರಿಗೆ ಕೊಟ್ಟಿದ್ದರು. ಹೊನ್ನವ್ವನಿಗೆ ಎರಡು ಗಂಡಾದ ಮೇಲೆ ಒಂದು ಹೆಣ್ಣು ಹುಟ್ಟಿತು. ಸುಶೀಲವ್ವ ಎಂದು ಹೆಸರಿಟ್ಟರು. ಕೂಸು ಮೊಲೆ ಬಿಟ್ಟು ಅನ್ನ ತಿನ್ನತೊಡಗಿದ ಮೇಲೆ ಹೊನ್ನವ್ವ ಪುರ್ತಗೇರಿಯ ತವರುಮನೆಯ ದೇವರ ಕೋಣೆಯ ಮುಂದೆ ಅಕ್ಕನನ್ನು ಮಣೆಯ ಮೇಲೆ ಕೂರಿಸಿದಳು.

"ಅಕ್ಕಾ, ಸೆರಗು ಒಡ್ಡು."

ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ ಹಾಕಿದಳು. ಅದರ ಮೇಲೆ ಮಗಳನ್ನು ಕೂರಿಸಿದಳು. ಕೂಸು ಅತ್ತಿತ್ತ ನೋಡಿ ಉಡಿಯೊಳಗಿನ ಕೊಬ್ಬರಿ ಬಟ್ಟಲನ್ನೇ ಎತ್ತಿ ಕಚ್ಚಿತು. ಎಲ್ಲರೂ ನಕ್ಕರು. ಅಕ್ಕತಂಗಿಯರ ತಾಯಿ ಮಾತ್ರ ನಗದೆ, "ಇನ್ನ ಇದು ನಿಂದವಾ ಸಿದ್ದಿ. ಉಡಿಗೆ ಬಿದ್ದದ್ದು ತಿರುಗಿ ಹೋಗೂದಿಲ್ಲ" ಎಂದಳು.

ಆ ಹೆಣ್ಣುಮಗು ಮುಶಿಗೇರಿಯ ಅಂಗಡಿಯಲ್ಲಿ ಬೆಲ್ಲದ ಪೆಂಟೆಯ ಮೂಟೆಯ ಮೇಲೆ ಕೂತು ಬೆಳೆಯಿತು. ಅಂದಾನೆಪ್ಪ ಅದನ್ನು "ಸಾವಕಾರ್ತಿ" ಎಂದು ಕರೆಯುತ್ತಿದ್ದ. ಗಿರಾಕಿ ಬಂದರೆ "ನಮ್ಮ ಸಾವಕಾರ್ತಿನ್ನ ಕೇಳ್ರಿ, ಹೂಂ ಅಂದ್ರ ತೂಗತೀನಿ" ಎನ್ನುತ್ತಿದ್ದ. ಅದು ಗಂಭೀರವಾಗಿ ಗೋಣು ಹಾಕುತ್ತಿತ್ತು. ಮನೆಯಲ್ಲಿ ತಲೆ ಬಾಚುವುದಕ್ಕೆ ಮಾತ್ರ ಸಿದ್ದಲಿಂಗವ್ವನೇ ಬೇಕು. ಬೇರೆ ಯಾರಾದರೂ ಹಣಿಗೆ ಹಿಡಿದರೆ ಓಣಿಯೆಲ್ಲ ಕೇಳುವ ಹಾಗೆ ಚೀರುತ್ತಿತ್ತು. ಇವಳು ಬಾಚಿದರೆ ಬಾಚುತ್ತಿರುವಾಗಲೇ ತೂಕಡಿಸಿ ಇವಳ ಮೊಣಕಾಲಿಗೆ ಒರಗುತ್ತಿತ್ತು.

"ಖರೇ ಹೇಳತೀನಿ," ಎಂದಳು ಒಂದು ದಿನ, ಶೇಂಗಾ ಸಿಪ್ಪೆಯನ್ನು ಪಕ್ಕಕ್ಕೆ ಸರಿಸುತ್ತ. "ಆವಾಗ ನನಗ ಏನು ಕಮ್ಮಿ ಇತ್ತು ಅಂತ ಈಗ ಹುಡುಕಿದ್ರ ಸಿಗವಲ್ದು. ಆವಾಗ ಮಾತ್ರ ಭಾಳ ಕಮ್ಮಿ ಅನಸ್ತಿತ್ತವಾ."

ಕಡಿಮೆ ಎನಿಸಿದ್ದು ಇಷ್ಟೇ, ಕೂಸು ತನ್ನ ಹೊಟ್ಟೆಯದಲ್ಲ. ಯಾರೂ ಆಡಿ ತೋರಿಸಿರಲಿಲ್ಲ. ಆದರೂ ಬೇರೆಯವರ ಸೀಮಂತಕ್ಕೆ ಹೋಗಿ ಬಂದ ದಿನ ಆಕೆ ಊಟ ಮಾಡುತ್ತಿರಲಿಲ್ಲ.

ಐವತ್ತೊಂದನೆಯ ಇಸವಿ. ಸುಗ್ಗಿ ಮುಗಿದು ಮನೆಮನೆಯಲ್ಲಿ ಜೋಳ ಇದ್ದ ಕಾಲ. ಕಣಿ ಹೇಳುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ಓಣಿಗೆ ಬಂದಳು. ಸಿದ್ದಲಿಂಗವ್ವ ಮೊರದ ತುಂಬ ಜೋಳ ಹಾಕಿ ಕೈ ಚಾಚಿದಳು. ಸುಶೀಲಿ ಅಲ್ಲೇ ಆಕೆಯ ತೊಡೆಯ ಮೇಲೆ ಕೂತಿತ್ತು.

"ಗಂಡು ಕೂಸೊಂದು ನಿನ್ನ ಬಾಗಲಾ ತಟ್ಟಾಕತ್ತೈತವಾ," ಎಂದಳು ಆ ಹೆಂಗಸು. "ತಟ್ಟಿ ತಟ್ಟಿ ದಣದೈತಿ. ಒಳಗ ಹ್ಯಾಂಗ ಬರಬೇಕದು? ಮಂದಿ ಕೂಸು ನಿನ್ನ ಉಡ್ಯಾಗ ಕುಂತೈತಿ. ತುಂಬಿದ ಉಡಿಗೆ ದೇವರು ಮತ್ತೊಂದು ಹ್ಯಾಂಗ ಹಾಕ್ಯಾನು?"

ಹೇಳಿದವಳು ಜೋಳ ಕಟ್ಟಿಕೊಂಡು ಮುಂದಿನ ಮನೆಗೆ ಹೋದಳು. ಸಿದ್ದಲಿಂಗವ್ವ ಮಾತ್ರ ಅಲ್ಲೇ ಕೂತುಬಿಟ್ಟಳು. ಎಂಟು ದಿನ ಯಾರಿಗೂ ಏನೂ ಹೇಳಲಿಲ್ಲ. ಒಂಬತ್ತನೆಯ ದಿನ ಗಂಡನಿಗೆ ಹೇಳಿದಳು.

ಅಂದಾನೆಪ್ಪ ತಕ್ಕಡಿ ಕೆಳಗಿಟ್ಟು ಕೇಳಿದ, "ನೀ ಜ್ವಾಳಾ ಹಾಕಿದಿ, ಆಕಿ ಮಾತು ಹೇಳಿದಳು. ಆಕಿ ಜ್ವಾಳಾ ಒಯ್ದಳು, ಹೊಟ್ಟಿಗೆ ಹಾಕ್ಕೊಂಡಳು. ಆ ಮಾತು ನೀ ಯಾಕ ಇಟಗೊಂಡು ಕುಂತಿ?"

"ನಿಮಗ ನಿಮ್ಮದೊಂದು ಕೂಸು ಬ್ಯಾಡೇನು?"

"ಇದು ಯಾರದ ಮತ್ತ?"

ಆಕೆ ಅತ್ತಳು. ಅವನು ಸುಮ್ಮನಾದ. ಸುಮ್ಮನಾದದ್ದೇ ಅವನ ತಪ್ಪು ಎಂದು ಅವನು ಕಡೆಯವರೆಗೂ ನಂಬಿದ್ದನಂತೆ. ಆಕೆ ಅದನ್ನು ಒಪ್ಪುತ್ತಿರಲಿಲ್ಲ.

ಗಜೇಂದ್ರಗಡದಿಂದ ಬಳೆಯ ಮಲಾರ ಹೊತ್ತು ಬರುತ್ತಿದ್ದ ಖಾಜಾಬಿ ನಮ್ಮ ಓಣಿಗೆಲ್ಲ ಗೆಳತಿ. ಕೂಸನ್ನು ತಿರುಗಿ ಕೊಡುವ ವಿಷಯ ಆಕೆಗೂ ತಿಳಿಯಿತು. ಸಿದ್ದಲಿಂಗವ್ವನ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದವಳು ಏರಿಸುವುದನ್ನು ನಿಲ್ಲಿಸಿ, "ಅಕ್ಕಾ, ಬಳಿ ಒಡದ್ರ ಹೇಳು, ಬ್ಯಾರೆ ಇಡಸ್ತೀನಿ. ಕೂಸಿನ ಮನಸ ಒಡದ್ರ ನನ್ನ ಕಡೆ ಆ ಮಾಲ ಇಲ್ಲ ನೋಡು" ಎಂದಳು.

"ನಿನಗೇನ, ಐದು ಹಡದೀ. ಮಾತಾಡತೀ."

ಖಾಜಾಬಿ ಮಲಾರವನ್ನು ಹತ್ತಿರ ಎಳೆದುಕೊಂಡಳು. ಉಳಿದ ಬಳೆ ಇಡಿಸಿ ಎದ್ದಳು.

ಆ ವರ್ಷದ ನಾಗರ ಪಂಚಮಿಗೆ ಸಿದ್ದಲಿಂಗವ್ವ ಸುಶೀಲಿಯನ್ನು ಕರೆದುಕೊಂಡು ಕೊಣ್ಣೂರಿಗೆ ಹೋದಳು. ಐದು ವರ್ಷದ ಮಗುವಿಗೆ ಹೊಸ ಪರಕಾರ ಪೋಲಕ, ತಂಬಿಟ್ಟಿನ ಉಂಡೆ ಕಟ್ಟಿದ ಗಂಟು. ರೋಣದವರೆಗೂ, ರೋಣದಿಂದ ನರಗುಂದದವರೆಗೂ ಮೋಟಾರಿನಲ್ಲಿ ಕಿಟಕಿಯ ಹತ್ತಿರ ನಿಂತು ಕಂಡ ಕಂಡ ಎತ್ತಿಗೆಲ್ಲ ಹೆಸರಿಡುತ್ತ ಹೋಯಿತು.

ಕೊಣ್ಣೂರಿನಲ್ಲಿ ಹಬ್ಬದ ಮರುದಿನ ಸಿದ್ದಲಿಂಗವ್ವ ತಂಗಿಯನ್ನು ಅಡುಗೆಮನೆಯಲ್ಲಿ ಕೂರಿಸಿ, ತಾನು ಊರಿನಿಂದ ಕಟ್ಟಿ ತಂದಿದ್ದ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಆಕೆಯ ಸೆರಗಿಗೆ ಹಾಕತೊಡಗಿದಳು. ಹೊನ್ನವ್ವ ಮೊದಲು ಇದು ಹಬ್ಬದ ಉಡಿ ಎಂದು ತಿಳಿದಳು. ತಿಳಿದ ಮೇಲೆ ಸೆರಗನ್ನು ಕಿತ್ತುಕೊಂಡಳು.

"ಇದೇನು ಮಾಡಾಕತ್ತೀಯಕ್ಕಾ? ಉಡಿ ತುಂಬಿದ್ದನ್ನ ಯಾರರ ತಿರುಗಿ ಕೊಡತಾರೇನು? ಎಲ್ಲಿ ಕಂಡೀ ಇದನ್ನ?"

"ಸದ್ಯಕ್ಕಷ್ಟ ಹೊನ್ನಿ. ನನ್ನ ಹೊಟ್ಟಿ ತೆರೀಲಿ, ಆಮ್ಯಾಗ ಇಬ್ಬರನ್ನೂ ಜೋಪಾನ ಮಾಡತೀನಿ. ಬಂದು ಕರಕೊಂಡು ಹೊಕ್ಕೀನಿ."

"ಕೂಸಂದ್ರ ಒಂದು ಸೇರು ಜ್ವಾಳಾ ಏನು, ಕಡಾ ಕೊಟ್ಟು ಇಸಗೊಳ್ಳಾಕ?"

ಉಡಿ ತುಂಬುವ ಶಾಸ್ತ್ರ ನಮ್ಮಲ್ಲಿ ಇದೆ. ಬರಿದು ಮಾಡುವ ಶಾಸ್ತ್ರ ಇಲ್ಲ. ಇಲ್ಲದ ಶಾಸ್ತ್ರವನ್ನು ಅಂದು ಆಕೆ ತಾನೇ ಹುಟ್ಟಿಸಿ ಮಾಡಿದಳು. ಅಕ್ಕ ಕಾಲು ಹಿಡಿಯುವುದಕ್ಕೆ ಬಂದಾಗ ಹೊನ್ನವ್ವ ಸೋತು ಸೆರಗು ಒಡ್ಡಿದಳು. ಹೆತ್ತ ಮಗಳು ಮನೆಗೆ ಬರುವುದು ಅವಳಿಗೂ ಬೇಡವಾಗಿರಲಿಲ್ಲ ಎಂದು ಸಿದ್ದಲಿಂಗವ್ವನೇ ಒಮ್ಮೆ ನನ್ನೆದುರು ತಂಗಿಯ ಪರವಾಗಿ ಹೇಳಿದಳು.

ಸುಶೀಲಿ ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲಿತ್ತು. ಸಿದ್ದಲಿಂಗವ್ವ ಹೋಗಿ ತೂಗಿದಳು.

"ಯವ್ವಾ, ಇನ್ನಾ ಜೋರ! ಇನ್ನಾ ಜೋರ!"

ತೂಗಿದಳು. ಆಮೇಲೆ ಪಕ್ಕದ ಮನೆಯ ಹುಡುಗಿಯ ಕೈಗೆ ಹಗ್ಗ ಕೊಟ್ಟು, ಹಿತ್ತಲ ಬಾಗಿಲಿನಿಂದ ದಾರಿಗೆ ಬಂದಳು. ಹಿಂದೆ ಮಗುವಿನ ದನಿ ಕೇಳುತ್ತಲೇ ಇತ್ತು. "ಯವ್ವಾ, ನೋಡಿಲ್ಲೆ, ಮುಗಲ ಮುಟ್ಟತೀನಿ, ನೋಡ ಯವ್ವಾ." ತಿರುಗಿದರೆ ಕಾಲು ಮುಂದೆ ಹೋಗುವುದಿಲ್ಲವೆಂದು ಗೊತ್ತಿತ್ತು. ತಿರುಗಲಿಲ್ಲ.

ಅಲ್ಲಿಂದ ಮೂರು ವರ್ಷ ಗಂಡಹೆಂಡತಿ ಇಬ್ಬರೂ ಊರಲ್ಲಿ ನಿಲ್ಲಲಿಲ್ಲ. ಅಂಗಡಿಗೆ ಕೀಲಿ ಬಿತ್ತು. ಹಾಲು ಕರೆಯುವ ಎಮ್ಮೆಯನ್ನು ಯಾರದೋ ಮನೆಯಲ್ಲಿ ಕಟ್ಟಿದರು. ಯಾರು ಯಾವ ದೇವರ ಹೆಸರು ಹೇಳಿದರೆ ಅಲ್ಲಿಗೆ, ಯಾವ ಬೇರು ಎಂದರೆ ಆ ಬೇರು. ಕಡೆಗೆ ಹೊಳೆಯಾಚೆಯ ಒಂದು ಊರಿನಲ್ಲಿ, ಗುಡಿಯೊಂದರ ಹತ್ತಿರ, ಒಂದು ಖೋಲಿ ಹಿಡಿದು ನಿಂತರು. ಅಲ್ಲಿ ನಲವತ್ತೆಂಟು ದಿನ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ, ಅದು ಮುಗಿದರೆ ಮತ್ತೆ ನಲವತ್ತೆಂಟು. ಅಂದಾನೆಪ್ಪ ಅಲ್ಲಿಯ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ನಿಂತ. ತನ್ನ ಅಂಗಡಿಯ ಮನುಷ್ಯ ಮಂದಿಯ ಅಂಗಡಿಯಲ್ಲಿ ಕೈಕಟ್ಟಿ ನಿಂತದ್ದನ್ನು ಆಕೆ ನೋಡಿಯೂ ನೋಡಲಿಲ್ಲ. ದೇವರ ಮುಂದೆ ನಿಂತಾಗಲೂ ಸುಶೀಲಿಯ ಹೆಸರನ್ನು ಬಾಯಿಗೆ ತರುತ್ತಿರಲಿಲ್ಲವಂತೆ. ಆ ಹೆಸರು ಹೇಳಿದರೆ ಉಡಿ ಮತ್ತೆ ತುಂಬಿದ ಹಾಗಾಗುತ್ತದೆ ಎಂಬ ಹೆದರಿಕೆ.

ಐವತ್ತಮೂರರ ಸಂಕ್ರಾಂತಿಯ ಹೊತ್ತಿಗೆ ಆಕೆಗೆ ತಿಂಗಳು ನಿಂತಿತು. ಒಂದು, ಎರಡು, ಮೂರು. ವಾಂತಿ ಬಂತು, ಹುಣಸೆಹಣ್ಣು ಬೇಕೆನಿಸಿತು. ಹೊಟ್ಟೆ ಸ್ವಲ್ಪ ದುಂಡಗಾದ ಹಾಗೆಯೂ ಕಂಡಿತು. ಖೋಲಿಯ ಅಕ್ಕಪಕ್ಕದ ಹೆಂಗಸರು ಬಂದು ಹಸಿರು ಬಳೆ ಇಡಿಸಿದರು. ಸಿದ್ದಲಿಂಗವ್ವ ನೆಲದ ಮೇಲೆ ಕಾಲಿಡುವಾಗಲೂ ಹಗುರ ಇಡುತ್ತಿದ್ದಳು.

ನಾಲ್ಕನೆಯ ತಿಂಗಳು ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಹೊನ್ನವ್ವನ ಗಂಡ ಗುರುಸಂಗಪ್ಪ ಬೆವರಿ ನೀರಾಗಿ ಬಾಗಿಲಲ್ಲಿ ನಿಂತ.

"ಅಕ್ಕಾರ, ಸುಶೀಲಿಗೆ ವಿಷಮಜ್ವರ. ಹನ್ನೆರಡು ದಿನ ಆತು. ಯವ್ವಾ ಯವ್ವಾ ಅಂತೈತಿ. ಹೊನ್ನಿ ಹೋಗಿ ಕುಂತ್ರ ಕೈ ದಬ್ಬತೈತಿ. ನಿಮ್ಮನ್ನ ಕರಿಯಾಕತ್ತೈತ್ರಿ. ಗಾಡಿ ತಂದೇನಿ, ನಡೀರಿ."

ಸಿದ್ದಲಿಂಗವ್ವ ಎದ್ದಳು. ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೊಣ್ಣೂರಿಗೆ ಹೋಗುವುದೆಂದರೆ ಹೊಳೆ ದಾಟಬೇಕು. ಬಸುರಿ ಹೊಳೆ ದಾಟಬಾರದು.

"ನಾ ಹ್ಯಾಂಗ ಬರಲ್ರಿ? ಹೊಟ್ಟಿಲೆ ಅದೇನಿ."

"ಹೊಳ್ಯಾಗ ನೀರ ಇಲ್ರಿ ಅಕ್ಕಾರ. ಎಮ್ಮಿ ಮೈ ತೊಯ್ಯೂದಿಲ್ಲ."

"ನೀರಿಲ್ಲಂದ್ರ ಹೊಳಿ ಅಲ್ಲೇನ್ರಿ ಅದು?"

ಗುರುಸಂಗಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ನಿಮ್ಮ ದೇವರು ನಿಮಗ ಚಲೋ ಮಾಡ್ಲಿ," ಎಂದು ಗಾಡಿ ತಿರುಗಿಸಲು ಹೋದ. ಅಂದಾನೆಪ್ಪ ಅಂಗಡಿಯಿಂದ ಹಾಗೇ ಬಂದು, ಚಪ್ಪಲಿಯನ್ನೂ ಮೆಟ್ಟದೆ ಗಾಡಿ ಹತ್ತಿದ.

ಆರು ದಿನಕ್ಕೆ ಅವನು ಮರಳಿ ಬಂದ. "ಆರಾಮ ಆತು," ಎಂದಷ್ಟೇ ಹೇಳಿದ. ಆಕೆಯೂ ಹೆಚ್ಚು ಕೇಳಲಿಲ್ಲ. ಅದಾಗಿ ಹತ್ತು ಹನ್ನೆರಡು ದಿನಕ್ಕೆ ಆಕೆಗೆ ರಕ್ತ ಕಾಣಿಸಿಕೊಂಡಿತು. ದವಾಖಾನೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರಬಾಯಿ ಎರಡೆರಡು ಸಲ ಕೈಯಿಟ್ಟು ನೋಡಿ, "ಕೂಸು ಹೋಗಿಲ್ಲವಾ. ಹೊಟ್ಟ್ಯಾಗ ಕೂಸು ಇರಲೇ ಇಲ್ಲ. ಮನಸಿನ್ಯಾಗ ಭಾಳ ಹಚ್ಚಿಗೊಂಡ್ರ ಮೈ ಹಿಂಗ ಆಟಾ ಆಡತೈತಿ" ಎಂದಳು.

ಹೋದ ಕೂಸಿಗಾದರೆ ಅಳಬಹುದು. ಇಲ್ಲದ ಕೂಸಿಗೆ ಹೇಗೆ ಅಳುವುದು ಎಂದು ಆಕೆಗೆ ತಿಳಿಯಲಿಲ್ಲ. ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ಗುಡಿಯ ಕಟ್ಟೆಯ ಮೇಲಿಟ್ಟು ಖೋಲಿಗೆ ಬಂದಳು.

"ಊರಿಗೆ ಹೋಗೂಣು," ಎಂದಳು ಗಂಡನಿಗೆ.

"ಹೂಂ," ಎಂದ ಅವನು. ಆದರೂ ಹಿಡಿದ ಹರಕೆ ಮುಗಿಸದೆ ಬರಬಾರದೆಂದು ಇನ್ನಷ್ಟು ತಿಂಗಳು ಅಲ್ಲೇ ಕಳೆದು, ಮರುವರ್ಷ ಮುಶಿಗೇರಿಗೆ ಬಂದರು.

ಬಂದು ಮನೆಯ ಕೀಲಿ ತೆಗೆದು, ಕಸ ಹೊಡೆದು, ಎರಡನೆಯ ದಿನವೇ ಸಿದ್ದಲಿಂಗವ್ವ ಕೊಣ್ಣೂರಿಗೆ ಹೊರಟಳು. ಈಗ ಸುಶೀಲಿಗೆ ಎಂಟು. ಮಗಳು ಸಿಟ್ಟು ಮಾಡಬಹುದು, ಅಳಬಹುದು, ಹೊಡೆಯಬಹುದು. ಎಲ್ಲಕ್ಕೂ ಆಕೆ ಸಿದ್ಧಳಾಗಿಯೇ ಹೋಗಿದ್ದಳು. ಹೊಡೆದರೆ ಹೊಡೆಸಿಕೊಂಡು, ತಬ್ಬಿ ಎತ್ತಿಕೊಂಡು ಬರುವುದೆಂದು ದಾರಿಯುದ್ದಕ್ಕೂ ನೆನೆಸಿದ್ದಳು.

ಹೊನ್ನವ್ವ ಪಡಸಾಲೆಯಲ್ಲಿ ಕೂತು ಸುಶೀಲಿಯ ತಲೆ ಬಾಚುತ್ತಿದ್ದಳು. ಬಾಗಿಲಲ್ಲಿ ದೊಡ್ಡಮ್ಮನನ್ನು ಕಂಡು ಹುಡುಗಿ ಎದ್ದು ನಿಂತಿತು. ಓಡಿಬರಲಿಲ್ಲ, ಓಡಿಹೋಗಲೂ ಇಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟು, ಬಗ್ಗಿ ಕಾಲಿಗೆ ನಮಸ್ಕಾರ ಮಾಡಿತು.

"ಬರ್ರಿ ದೊಡ್ಡವ್ವಾರ. ಆರಾಮ ಅದೀರೇನ್ರಿ?"

ಅದನ್ನು ನನಗೆ ಹೇಳುವಾಗ ಸಿದ್ದಲಿಂಗವ್ವನ ಕೈ ಶೇಂಗಾದ ಮೇಲೆ ನಿಂತೇಬಿಟ್ಟಿತು. ನಮ್ಮ ಕಡೆ ಹೆತ್ತ ತಾಯಿಗೆ ಯಾರೂ 'ರಿ' ಅನ್ನುವುದಿಲ್ಲ. ಜಗಳಾಡಿದರೂ ನೀನು, ಮುದ್ದಾಡಿದರೂ ನೀನು. ಬೀಗರಿಗೆ ಅನ್ನುತ್ತೇವೆ, ಮಾಸ್ತರರಿಗೆ ಅನ್ನುತ್ತೇವೆ, ಬಂದುಹೋಗುವವರಿಗೆ ಅನ್ನುತ್ತೇವೆ. "ಒಂದು ಮಾತು ಕೆಟ್ಟ ಅನ್ನಲಿಲ್ಲ ನೋಡು," ಎಂದಳು. "ಭಾಳ ಮರ್ಯಾದಿಲೆ ಮಾತಾಡಿದಳು."

ಆಕೆ ಹಣಿಗೆಗೆ ಕೈಚಾಚಿ, "ಬಾರವ್ವ, ಉಳಿದ ಹೆರಳು ನಾ ಹಾಕತೀನಿ" ಎಂದಳಂತೆ. ಹುಡುಗಿ, "ಅವ್ವನ ಹಾಕ್ತಾಳ್ರಿ" ಎಂದು ಹೊನ್ನವ್ವನ ಮುಂದೆ ಹೋಗಿ ಕೂತಿತು. ಕೂತು ಸ್ವಲ್ಪ ಹೊತ್ತಿಗೆ ತೂಕಡಿಸಿ, ಹೊನ್ನವ್ವನ ಮೊಣಕಾಲಿಗೆ ತಲೆಯಿಟ್ಟಿತು.

ಕರೆತರಲು ಹೋದವಳು ಬರಿಗೈಯಲ್ಲಿ ಬಂದಳು. ಮುಂದಿನ ವಾರ ಓಣಿಯ ಹುಡುಗಿಯೊಬ್ಬಳು ಕೆದರಿದ ತಲೆಯಲ್ಲಿ ಶಾಲೆಗೆ ಓಡುತ್ತಿದ್ದುದನ್ನು ಕಂಡು ಕರೆದು ಕೂರಿಸಿದಳಂತೆ. ಅಲ್ಲಿಂದ ಶುರು ಅದು.

ನಮ್ಮ ಕಡೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅಂದಾನೆಪ್ಪ ಹಾಸಿಗೆ ಹಿಡಿದ. ಅಂಗಡಿ ಮತ್ತೆ ತೆರೆದಿದ್ದನಾದರೂ ಮೊದಲಿನ ಮಾತು ನಗೆ ಅವನಲ್ಲಿ ಉಳಿದಿರಲಿಲ್ಲ. ಮೂರು ವರ್ಷದಿಂದ ಒಳಗಿಟ್ಟುಕೊಂಡಿದ್ದ ಒಂದು ಮಾತನ್ನು ಸಾಯುವ ನಾಲ್ಕು ದಿನ ಮುಂಚೆ ಹೆಂಡತಿಗೆ ಹೇಳಿದ.

"ಜ್ವರಾ ಬಂದಾಗ ನಾ ಹೋಗಿದ್ದೆನಲ್ಲ, ದಿನಾ ಕೇಳತಿತ್ತು. ಅವ್ವ ಎಲ್ಲಿ? ನಾಳೆ ಬರತಾಳ ಅಂತಿದ್ದೆ. ಮೂರು ದಿನ ಹಂಗ ಅಂದೆ. ನಾಕನೇ ದಿನ ನಾನ ಬಾಯಿ ತೆಗದು, ಅವ್ವ ನಾಳೆ ಖರೇನ ಬರತಾಳವಾ ಅಂದ್ರ, 'ಇರಲಿ ಬಿಡಪ್ಪ' ಅಂತು. ಏಳು ವರ್ಷದ ಕೂಸು, ಸಿದ್ದಿ. ನನಗ ಸಮಾಧಾನ ಹೇಳಿತು."

ದೇವರು ಕೊಡಲಿಲ್ಲ ಎಂದು ಸಿದ್ದಲಿಂಗವ್ವ ಒಮ್ಮೆಯೂ ನನ್ನೆದುರು ಅಂದವಳಲ್ಲ. ಕಣಿ ಹೇಳಿದವಳನ್ನೂ ಬೈಯಲಿಲ್ಲ. "ಆಕಿಗೇನು ಗೊತ್ತು? ಆಕಿ ಹೊಟ್ಟಿಪಾಡಿಗೆ ಅಂದಳು. ನಾನ ನನ್ನ ಕಿವಿ ಕೊಟ್ಟೆ" ಎನ್ನುತ್ತಿದ್ದಳು. ಲಿಂಗಪೂಜೆ ಮುಗಿಸಿ ಏಳುವಾಗ ಆಕೆ ಏನನ್ನೂ ಬೇಡಿಕೊಳ್ಳುತ್ತಿರಲಿಲ್ಲ. ಬೇಡುವುದನ್ನು ಬಿಟ್ಟೆ ಎಂದು ಹೇಳಿದಾಗ ನನಗೆ ಭಯವಾಯಿತು. ಬೇಡದೆ ಹೇಗೆ ಇರುತ್ತಾರೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಈಗಲೂ ಪೂರ್ತಿ ತಿಳಿದಿಲ್ಲ.

ಐವತ್ತೊಂಬತ್ತರ ಬೇಸಿಗೆ. ಶಾಲೆಗಳು ಬಿಟ್ಟಿದ್ದವು. ಸಿದ್ದಲಿಂಗವ್ವ ಬಂದು, "ಹೊನ್ನಿ ಬಂದಾಳ, ಹುಡುಗಿನ್ನೂ ಕರಕೊಂಡು. ಹೋಳಿಗಿ ಮಾಡೂಣು, ಬಾರವಾ" ಎಂದು ನನ್ನನ್ನು ಕರೆದಳು. ಅಂಥ ದನಿಯಲ್ಲಿ ಆಕೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಹೋದಾಗ ಹೊನ್ನವ್ವ ಒಲೆಯ ಮುಂದೆ ಕೂತು ಕಡಲೆಬೇಳೆ ಬೇಯಿಸುತ್ತಿದ್ದಳು. ಅಕ್ಕನಿಗಿಂತ ದಪ್ಪ, ಮಾತು ಗಟ್ಟಿ. ಸುಶೀಲವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹದಿಮೂರು ವರ್ಷದ, ಉದ್ದನೆಯ, ತಲೆ ತಗ್ಗಿಸಿ ಕೆಲಸ ಮಾಡುವ ಹುಡುಗಿ. ಪಡಸಾಲೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಎರಡು ದಿನಕ್ಕೆ ಬಂದವರಿಗೆ ಇಷ್ಟು ದೊಡ್ಡ ಟ್ರಂಕು ಯಾಕೆ ಎಂದು ನಾನು ಅಂದುಕೊಂಡೆ.

"ಅಕ್ಕಾ, ಸುತ್ತು ಬಳಸಿ ಹೇಳಾಕ ನನಗ ಬರೂದಿಲ್ಲ," ಎಂದಳು ಹೊನ್ನವ್ವ, ಬೇಳೆಯನ್ನು ಹಿಸುಕಿ ನೋಡುತ್ತ. "ಮಾಮಾ ಹೋಗಿ ಮೂರು ವರ್ಷ ಆತು. ನೀ ಒಬ್ಬಾಕಿ ಅದೀ. ನನಗ ಹಿರೀ ಸೊಸಿ ಬರತಾಳ ಈ ವರ್ಷ, ಮನ್ಯಾಗ ಕೈಗೇನು ಬರ ಇಲ್ಲ. ಸುಶೀಲಿನ್ನ ಇಲ್ಲೇ ಬಿಟ್ಟು ಹೊಕ್ಕೀನಿ. ಮದಿವಿನೂ ನೀನ ಮಾಡು, ಈ ಮನೀನೂ ಆಕಿಗೆ ಆಗಲಿ. ಅವರಪ್ಪಗೂ ಹೇಳೇನಿ. ಹೂಂ ಅಂದಾರ."

ಸಿದ್ದಲಿಂಗವ್ವನ ಕೈಯಲ್ಲಿ ಹೋಳಿಗೆಯ ಕಣಕ ಇತ್ತು. ನಾದುತ್ತಲೇ ಇದ್ದಳು.

"ಆಕಿ ಏನಂತಾಳ?"

"ಆಕಿಗೇನ ಕೇಳೂದು? ನಾ ಹೇಳಿದ್ರ ಆತು."

"ಕೇಳೂಣು," ಎಂದು ಕಣಕವನ್ನು ಅಲ್ಲೇ ಬಿಟ್ಟು ಸಿದ್ದಲಿಂಗವ್ವ ಹಿತ್ತಲಿಗೆ ಹೋದಳು. ಬಾಗಿಲು ತೆರೆದೇ ಇತ್ತು. ನನಗೆ ಮಾತು ಕೇಳುತ್ತಿತ್ತು.

"ಸುಶೀಲವ್ವ, ಇಲ್ಲಿರತೀಯೇನು ನನ್ನ ಕೂಡ?"

"ಅವ್ವ ಹೇಳಿದಂಗ್ರಿ."

"ಅವ್ವ ಬ್ಯಾಡ. ನಿನ್ನ ಮನಸಿಗೆ ಹ್ಯಾಂಗ?"

ಪಾತ್ರೆ ತಿಕ್ಕುವ ಸದ್ದು ನಿಂತಿತು. ಹುಡುಗಿ ಕೇಳಿದಳು, "ಪಂಚಮಿಗೆ ನಮ್ಮೂರಿಗೆ ಕಳಸ್ತೀರೇನ್ರಿ?"

ಸಿದ್ದಲಿಂಗವ್ವ ಏನು ಉತ್ತರ ಕೊಟ್ಟಳೋ ನನಗೆ ಕೇಳಲಿಲ್ಲ. ಒಳಗೆ ಬಂದಾಗ ಆಕೆಯ ಮುಖ ಮೊದಲಿನ ಹಾಗೇ ಇತ್ತು. ಕೂತು ಕಣಕವನ್ನು ಮತ್ತೆ ಎತ್ತಿಕೊಂಡಳು.

"ಬ್ಯಾಡ ಹೊನ್ನಿ."

"ಯಾಕ? ಆಕಿ ಒಲ್ಲೆ ಅಂದಳೇನು?"

"ಒಲ್ಲೆ ಅಂದಿಲ್ಲ. ಭಾಳ ಶಾಣ್ಯಾಕಿನ್ನ ಮಾಡೀ ನೀ ಆಕಿನ್ನ, ಒಲ್ಲೆ ಅನ್ನೂದಿಲ್ಲ."

"ಮತ್ತೇನು ನಿಂದು? ಆವಾಗ ನೀ ಕೊಟ್ಟಿ, ನಾ ಒಡ್ಡಿದೆ. ಈಗ ನಾ ಕೊಡತೀನಿ, ನೀ ಒಡ್ಡು. ಮುಗೀತು. ಇಷ್ಟು ವರ್ಷ ಒಳಗೊಳಗ ಸಾಯಾಕತ್ತೀ, ನನಗ ಕಾಣಂಗಿಲ್ಲೇನು?"

"ನಾ ಸಾಯೂದು ನನಗಿರಲಿ. ಆಕಿ ಐದು ವರ್ಷದಾಕಿ ಇದ್ದಾಗ ಒಂದು ಮನಿ ಬಿಡಸಿದೆ. ಜ್ವರದಾಗ ಮೂರು ದಿನ ಕಾಯ್ದು ಕಾಯ್ದು ಆ ಮನೀನ್ನ ತಾನ ಮರೀತು. ಈಗ ನಿನ್ನ ಮನಿ ಆಕೀದಾಗೇತಿ. ನನ್ನ ಸಮಾಧಾನಕ್ಕ ಅದನ್ನೂ ಬಿಡಸ್ಲೇನು?"

ಹೊನ್ನವ್ವ ಬೇಳೆಯ ಪಾತ್ರೆಯನ್ನು ಜೋರಾಗಿ ಇಳಿಸಿದಳು. "ನೀ ಮೊದಲಿಂದ ಹಿಂಗ. ಕೊಟ್ಟಾಗ ಉಳಿಸಿಗೊಳ್ಳಲಿಲ್ಲ, ತಿರುಗಿ ಕೊಟ್ರ ಒಲ್ಲೆಂತಿ. ಹಟಮಾರಿ." ಎಂದು ಮೂಗು ಒರೆಸಿಕೊಂಡಳು. ಅಂದು ಮಾಡಿದ ಹೋಳಿಗೆಯನ್ನು ಯಾರೂ ಸರಿಯಾಗಿ ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ರೋಣದ ಮೋಟಾರಿಗೆ ಅವರನ್ನು ಹತ್ತಿಸಲು ಊರ ಹೊರಗಿನ ಹುಣಸೆ ಮರದವರೆಗೆ ನಾನೂ ಹೋದೆ. ಟ್ರಂಕನ್ನು ಮೇಲೆ ಕಟ್ಟಿದರು. ಹೊನ್ನವ್ವ ಹತ್ತಿ ಕೂತಳು. ಸುಶೀಲವ್ವ ದೊಡ್ಡಮ್ಮನ ಕಾಲಿಗೆ ಬಗ್ಗಿದಳು. ಎದ್ದವಳು ಹತ್ತಲಿಲ್ಲ. ಮೋಟಾರಿನ ಬಾಗಿಲ ಸಲಾಕೆಯನ್ನು ಒಂದು ಕೈಯಲ್ಲಿ ಹಿಡಿದು, ಒಳಗೆ ಕೂತ ತಾಯಿಯನ್ನು ಒಮ್ಮೆ, ಹೊರಗೆ ಒಬ್ಬಳೇ ನಿಂತ ಇವಳನ್ನು ಒಮ್ಮೆ ನೋಡಿದಳು. ಆ ಹುಡುಗಿಯ ಕಣ್ಣು ಇವಳ ಮುಖದ ಮೇಲೆ ಅಷ್ಟು ಹೊತ್ತು ನಿಂತದ್ದು ನಾನು ಅದೇ ಮೊದಲು ನೋಡಿದ್ದು.

"ದೊಡ್ಡವ್ವಾ," ಎಂದಳು. ಈ ಸಲ 'ರಿ' ಇರಲಿಲ್ಲ. "ನಾ ಇರತೀನಿ. ನನಗೇನು ಬ್ಯಾಸರಿಲ್ಲ. ನೀ ಒಬ್ಬಾಕಿ ಹ್ಯಾಂಗ ಇರತಿ?"

ಸಿದ್ದಲಿಂಗವ್ವನ ಬಾಯಿ ತೆರೆಯಿತು. ಆಕೆ ಎಷ್ಟು ವರ್ಷದಿಂದ ಕಾದಿದ್ದ ಮಾತು ಅದು ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆಕೆ 'ಹೂಂ' ಎಂದುಬಿಡುತ್ತಾಳೆ ಎಂದೇ ನಾನು ತಿಳಿದೆ. ಹಾಗೆ ಎಂದುಬಿಡಲಿ ಎಂದು, ತಪ್ಪೋ ಒಪ್ಪೋ, ದೇವರ ಹತ್ತಿರ ಬೇಡಿಕೊಂಡೆ.

ಆಕೆ ಹುಡುಗಿಯ ಭುಜ ಹಿಡಿದು ಮೋಟಾರಿನ ಕಡೆಗೆ ತಿರುಗಿಸಿದಳು.

"ಬ್ಯಾಡವ್ವ," ಎಂದಳು. "ನಿಮ್ಮವ್ವ ಕಾಯಾಕತ್ತಾಳ. ಹತ್ತು."